ಆರು ಕಂತಿಗೆ ನಿಂತ ನಾಳೆ

ಕಿರುತೆರೆಯಲ್ಲಿ ಸಾವಿರ ಕಂತು ದಾಟಿದ ಸಂಸಾರದ ಕಥೆಗಳು ನಮಗೆ ಹೊಸತಲ್ಲ. ಅತ್ತೆ ಸೊಸೆಯರ ಮನಸ್ತಾಪ ವರ್ಷಗಟ್ಟಲೆ ನಡೆಯುತ್ತದೆ. ವೀಕ್ಷಕರೂ ಬೇಸರಿಸದೆ ನೋಡುತ್ತಾರೆ. ಆದರೆ ನಾಳೆಯ ಜಗತ್ತು ಹದಗೆಟ್ಟರೆ ಹೇಗಿರಬಹುದು ಎಂದು ತೋರಿಸಲು ಹೊರಟ ವೈಜ್ಞಾನಿಕ ಧಾರಾವಾಹಿಗಳು ಅನೇಕ ಸಲ ನಾಲ್ಕಾರು ಕಂತುಗಳಲ್ಲೇ ಕಣ್ಣು ಮುಚ್ಚುತ್ತವೆ. ಹೀಗೇಕೆ? ಅಲ್ಪಾಯುಷಿಯಾದ ಇಂಥ ಒಂದು ಕಥೆಯನ್ನು ಹೊಸದಾಗಿ ಕಲ್ಪಿಸಿಕೊಂಡು ದೀರ್ಘಕಾಲ ಬಾಳುವಂತೆ ಮಾಡಬಹುದೆ? ವಿದ್ಯಾರ್ಥಿಗಳು ತಾವೇ ಕೈಯಾಡಿಸಿ ನೋಡಬಹುದಾದ ಪ್ರಶ್ನೆ ಇದು.

ಮೊದಲು ಒಂದು ಪದದ ಪರಿಚಯ. ಎಲ್ಲವೂ ಸರಿಯಾಗಿರುವ ಕಲ್ಪಿತ ನಾಡಿಗೆ ‘ಯುಟೋಪಿಯಾ’ ಎಂಬ ಹೆಸರನ್ನು 1516ರಲ್ಲಿ ಥಾಮಸ್ ಮೋರ್ ಕೊಟ್ಟ. ನಮ್ಮ ಜನ ಇದನ್ನು ರಾಮರಾಜ್ಯ ಎಂದಾರು. ಇದರ ವಿರುದ್ಧ ಪದವೇ ‘ಡಿಸ್ಟೋಪಿಯಾ’, ಅಂದರೆ ದುಃಸ್ವಪ್ನದ ಲೋಕ. ಇಂಥ ಲೋಕದಲ್ಲಿ ರಾಕ್ಷಸರು ಇರಬೇಕಾಗಿಲ್ಲ. ಯಾರೋ ಒಂದು ಒಳ್ಳೆಯ ಯೋಜನೆಯನ್ನು ಹಾಕಿರುತ್ತಾರೆ. ಆ ಯೋಜನೆಯ ಗೋಡೆಯ ಹೊರಗೆ ಯಾರು ಉಳಿದರು ಎಂದು ಕೇಳಿದಾಗ ದುಃಸ್ವಪ್ನದ ಕಥೆ ಆರಂಭವಾಗುತ್ತದೆ.

ಕನ್ನಡಿಗರಿಗೆ ಹತ್ತಿರದ ಒಂದು ನಿದರ್ಶನ

2019ರ ಜೂನ್ ತಿಂಗಳಲ್ಲಿ ನೆಟ್‌ಫ್ಲಿಕ್ಸ್ ‘ಲೈಲಾ’ ಎಂಬ ಹಿಂದಿ ಸರಣಿಯನ್ನು ಬಿಡುಗಡೆ ಮಾಡಿತು. ಪ್ರಯಾಗ್ ಅಕ್ಬರ್ ಅವರ ಇಂಗ್ಲಿಷ್ ಕಾದಂಬರಿಯನ್ನು ಆಧರಿಸಿದ ಈ ಸರಣಿಯ ಮೂವರು ನಿರ್ದೇಶಕರಲ್ಲಿ ಒಬ್ಬರು ಕನ್ನಡದ ಪವನ್ ಕುಮಾರ್. ಇನ್ನಿಬ್ಬರು ದೀಪಾ ಮೆಹ್ತಾ ಮತ್ತು ಶಂಕರ್ ರಾಮನ್. ಪ್ರೇಕ್ಷಕರಿಂದಲೇ ಹಣ ಸಂಗ್ರಹಿಸಿ 2013ರಲ್ಲಿ ‘ಲೂಸಿಯಾ’ ಚಿತ್ರವನ್ನು ನಿರ್ಮಿಸಿ, ಕನ್ನಡದಲ್ಲಿ ಹೊಸ ಬಗೆಯ ಕಥೆಗೂ ನೋಡುಗರಿದ್ದಾರೆ ಎಂದು ತೋರಿಸಿದವರು ಪವನ್ ಕುಮಾರ್.

‘ಲೈಲಾ’ದ ಕಥೆ ನಡೆಯುವುದು ಈ ಶತಮಾನದ ನಲವತ್ತರ ದಶಕದ ಕೊನೆಯಲ್ಲಿ, ಆರ್ಯಾವರ್ತ ಎಂಬ ಕಲ್ಪಿತ ದೇಶದಲ್ಲಿ. ನಗರವನ್ನು ಎತ್ತರದ ಗೋಡೆಗಳು ಪಂಗಡ ಪಂಗಡವಾಗಿ ಸೀಳಿವೆ. ಗಾಳಿ ಕೆಟ್ಟಿದೆ, ನೀರು ಬಂಗಾರವಾಗಿದೆ. ಮನೆಯ ಈಜುಕೊಳದ ಬಳಿ ನಲಿಯುತ್ತಿದ್ದ ಒಂದು ಕುಟುಂಬದ ಮೇಲೆ ದಾಳಿಯಾಗುತ್ತದೆ. ಗಂಡ ಸಾಯುತ್ತಾನೆ, ಮಗಳು ಲೈಲಾ ಕಾಣೆಯಾಗುತ್ತಾಳೆ, ತಾಯಿ ಶಾಲಿನಿಯನ್ನು ಶುದ್ಧೀಕರಣದ ಶಿಬಿರಕ್ಕೆ ತಳ್ಳುತ್ತಾರೆ. ಮಗಳಿಗಾಗಿ ತಾಯಿ ನಡೆಸುವ ಹುಡುಕಾಟವೇ ಮುಂದಿನ ಕಥೆ. ಬಿಡುಗಡೆಯಾದಾಗ ಪರ ವಿರೋಧ ಚರ್ಚೆಗಳು ಜೋರಾಗಿಯೇ ನಡೆದವು. ಆರು ಕಂತುಗಳ ನಂತರ, ಮುಖ್ಯ ಪ್ರಶ್ನೆಯನ್ನು ತೆರೆದಿಟ್ಟೇ ಸರಣಿ ನಿಂತಿತು. ಎರಡನೆಯ ಭಾಗ ಬರಲಿಲ್ಲ.

ಕಥೆ ನಿಂತರೂ ಅದು ಎತ್ತಿದ ಪ್ರಶ್ನೆ ನಿಲ್ಲಲಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆ ಬಾವಿಗಳು ಬತ್ತಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆಯುವುದು, ಕೈತೋಟಕ್ಕೆ ಹಾಯಿಸುವುದು, ಈಜುಕೊಳ ತುಂಬಿಸುವುದು ಇವನ್ನೆಲ್ಲ ಜಲಮಂಡಲಿ ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಎಂದು ಸಾರಿತು. ಐದು ವರ್ಷಗಳ ಹಿಂದೆ ತೆರೆಯ ಮೇಲೆ ಕಂಡ ಈಜುಕೊಳ ನಮ್ಮ ಊರಿನ ಆದೇಶಪತ್ರದಲ್ಲೇ ಕಾಣಿಸಿಕೊಂಡಿತು. ಕಲ್ಪಿತ ಕಥೆಯೊಂದು ಇಷ್ಟು ಹತ್ತಿರ ಬಂದಿರುವಾಗ ಅದನ್ನು ಮುಂದುವರಿಸುವ ಬಗೆಯನ್ನು ಯೋಚಿಸುವುದು ಬರಿಯ ಕಾಲಹರಣವಾಗಲಾರದು.

ಅಲ್ಪಾಯುಷ್ಯಕ್ಕೆ ಕಾರಣಗಳು

ಮೊದಲನೆಯದು ಹಣ. ಸಂಸಾರದ ಧಾರಾವಾಹಿಗೆ ಒಂದು ಮನೆ, ಒಂದು ದೇವರ ಕೋಣೆ, ಒಂದು ಅಡುಗೆಮನೆ ಸಾಕು. ನಾಳೆಯ ನಗರವನ್ನು ತೋರಿಸಬೇಕಾದರೆ ಬೀದಿ, ವಾಹನ, ಉಡುಪು ಎಲ್ಲವನ್ನೂ ಹೊಸದಾಗಿ ಕಟ್ಟಬೇಕು. ಉದಾಹರಣೆಗೆ, ಸೆಟ್ಟಿಗೆ 60 ಲಕ್ಷ ರೂಪಾಯಿ ತಗಲಿತು ಎಂದುಕೊಳ್ಳಿ. ಆರು ಕಂತುಗಳಾದರೆ ಕಂತಿಗೆ 10 ಲಕ್ಷ. ಮೂವತ್ತು ಕಂತುಗಳಾದರೆ 2 ಲಕ್ಷ. ಹೆಚ್ಚು ಕಂತುಗಳಾದರೆ ಮಾತ್ರ ವೆಚ್ಚ ತಗ್ಗುತ್ತದೆ. ಆದರೆ ವೆಚ್ಚ ತಗ್ಗದೆ ಹೆಚ್ಚು ಕಂತುಗಳಿಗೆ ಒಪ್ಪಿಗೆ ಸಿಗುವುದಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯ ಸ್ಥಿತಿ ಇದು.

ಎರಡನೆಯದು ಕಥೆಯ ಕಟ್ಟಡ. ಒಂದೇ ಪ್ರಶ್ನೆಯ ಮೇಲೆ ನಿಂತ ಕಥೆ ಬೇಗ ಇಕ್ಕಟ್ಟಿಗೆ ಸಿಲುಕುತ್ತದೆ. ಮಗಳು ಸಿಕ್ಕರೆ ಕಥೆ ಮುಗಿಯಿತು. ಸಿಗದಿದ್ದರೆ, ಇನ್ನೆಷ್ಟು ದಿನ ಹುಡುಕುತ್ತಾಳೆ ಎಂದು ವೀಕ್ಷಕ ಬೇಸರಿಸುತ್ತಾನೆ. ಕಾದಂಬರಿಗೆ, ಚಲನಚಿತ್ರಕ್ಕೆ ಈ ಕಟ್ಟಡ ಒಪ್ಪುತ್ತದೆ. ವಾರ ವಾರ ಬರಬೇಕಾದ ಧಾರಾವಾಹಿಗೆ ಅದು ಚಿಕ್ಕ ಬುನಾದಿ.

ಮೂರನೆಯದು ಮನಸ್ಸಿನ ಆಯಾಸ. ದಿನವಿಡೀ ದುಡಿದು ಬಂದವರ ಮುಂದೆ ಪ್ರತಿ ಕಂತಿನಲ್ಲೂ ಕತ್ತಲನ್ನೇ ಬಡಿಸಿದರೆ ಅವರು ಚಾನೆಲ್ ಬದಲಾಯಿಸುವುದು ಸಹಜ. ನಗು, ಸ್ನೇಹ, ಸಣ್ಣಪುಟ್ಟ ಗೆಲುವು ಇಲ್ಲದ ಲೋಕದಲ್ಲಿ ಕಳೆದುಕೊಳ್ಳಲು ಏನೂ ಇರುವುದಿಲ್ಲ. ಕಳೆದುಕೊಳ್ಳಲು ಏನೂ ಇಲ್ಲದಲ್ಲಿ ಭಯವೂ ಇರುವುದಿಲ್ಲ.

ಮರುಜನ್ಮ ಪಡೆದ ಕಥೆಗಳು

ಹೊರಗಿನ ಎರಡು ನಿದರ್ಶನಗಳನ್ನು ನೋಡೋಣ. ಮನುಷ್ಯರಂತೆಯೇ ಕಾಣುವ ಯಂತ್ರಗಳು ತಿರುಗಿಬೀಳುವ ‘ವೆಸ್ಟ್‌ವರ್ಲ್ಡ್’ ಚಲನಚಿತ್ರವನ್ನು ಮೈಕೇಲ್ ಕ್ರೈಟನ್ 1973ರಲ್ಲಿ ನಿರ್ದೇಶಿಸಿದ. ಅದರ ಬೆನ್ನು ಹಿಡಿದು 1980ರಲ್ಲಿ ಅಮೆರಿಕದಲ್ಲಿ ‘ಬಿಯಾಂಡ್ ವೆಸ್ಟ್‌ವರ್ಲ್ಡ್’ ಎಂಬ ಧಾರಾವಾಹಿ ಬಂತು. ಐದು ಕಂತುಗಳು ತಯಾರಾದವು. ಮೂರು ಪ್ರಸಾರವಾಗುವಷ್ಟರಲ್ಲಿ ಅದು ರದ್ದಾಯಿತು. ಅಪಾಯಕಾರಿ ಯಂತ್ರಮಾನವನನ್ನು ಪತ್ತೆ ಹಚ್ಚುವುದೇ ಅದರ ಪ್ರತಿ ವಾರದ ಕೆಲಸವಾಗಿತ್ತು. 2016ರಲ್ಲಿ ಎಚ್‌ಬಿಒ ವಾಹಿನಿ ಇದೇ ಕಥಾವಸ್ತುವನ್ನು ಮತ್ತೆ ಎತ್ತಿಕೊಂಡಾಗ ಒಂದು ಮುಖ್ಯ ಬದಲಾವಣೆಯಾಯಿತು: ಕಥೆಯನ್ನು ಯಂತ್ರಗಳ ಕಣ್ಣಿನಿಂದ ಹೇಳಲಾಯಿತು. ನೋವು ಅನುಭವಿಸುವ ಯಂತ್ರಕ್ಕೆ ಹಕ್ಕುಗಳಿಲ್ಲವೆ ಎಂಬ ಪ್ರಶ್ನೆ ಹುಟ್ಟಿಕೊಂಡಿತು. ಮೂರು ಕಂತಿಗೆ ಸತ್ತ ಕಥೆ 36 ಕಂತುಗಳವರೆಗೆ ಬದುಕಿತು.

ಇನ್ನೊಂದು ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’. ಯಂತ್ರಗಳ ದಾಳಿಯಲ್ಲಿ ನಾಡನ್ನು ಕಳೆದುಕೊಂಡ ಮನುಷ್ಯರು ಆಕಾಶನೌಕೆಗಳಲ್ಲಿ ಅಲೆಯುವ ಕಥೆ. 1978ರಲ್ಲಿ ಭಾರಿ ವೆಚ್ಚದಲ್ಲಿ ಆರಂಭವಾದ ಮೂಲ ಧಾರಾವಾಹಿ ಒಂದೇ ವರ್ಷದಲ್ಲಿ ನಿಂತಿತು. ರೊನಾಲ್ಡ್ ಮೂರ್ 2003ರಲ್ಲಿ ಅದನ್ನು ಹೊಸದಾಗಿ ಕಲ್ಪಿಸಿದಾಗ ಶತ್ರು ಯಂತ್ರಗಳಿಗೆ ಮನುಷ್ಯರೂಪ ಬಂತು. ಪಕ್ಕದಲ್ಲಿ ಕುಳಿತವರೇ ಶತ್ರುವಿರಬಹುದು ಎಂದಾದಾಗ ಯುದ್ಧದ ದೃಶ್ಯಗಳು ಕಡಮೆಯಾಗಿ, ಸಂಶಯ, ಚುನಾವಣೆ, ನ್ಯಾಯ ಇಂಥ ವಿಷಯಗಳು ಮುಂದೆ ಬಂದವು. ನೌಕೆಯ ಒಳಗೆ ಇಬ್ಬರ ಮಾತುಕತೆಯನ್ನು ಚಿತ್ರಿಸಲು ಆಕಾಶಯುದ್ಧದಷ್ಟು ಹಣ ಬೇಕಿಲ್ಲ ಎಂಬುದನ್ನೂ ಗಮನಿಸಬೇಕು. ಆರಂಭದ ಶೀರ್ಷಿಕೆಯಲ್ಲೇ ಇನ್ನು ಎಷ್ಟು ಜನ ಬದುಕಿದ್ದಾರೆ ಎಂಬ ಸಂಖ್ಯೆಯನ್ನು ತೋರಿಸುತ್ತಿದ್ದರು. ಒಂದು ಅಂಕಿ ಇಳಿದರೂ ನೋಡುಗರಿಗೆ ಅದರ ಅರ್ಥ ತಿಳಿಯುತ್ತಿತ್ತು. ಈ ಸರಣಿ 2009ರವರೆಗೆ ನಡೆಯಿತು.

ಹೆಸರನ್ನು ಮರಳಿ ತಂದಮಾತ್ರಕ್ಕೆ ಗೆಲುವು ಖಚಿತವಲ್ಲ. 1967ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾಗಿ 17 ಕಂತುಗಳಲ್ಲೇ ಹೆಸರು ಮಾಡಿದ ‘ದಿ ಪ್ರಿಸನರ್’ ಧಾರಾವಾಹಿಯನ್ನು 2009ರಲ್ಲಿ ಮತ್ತೆ ನಿರ್ಮಿಸಿದಾಗ ಅದು ಆರು ಕಂತುಗಳ ಕಿರುಸರಣಿಯಾಗಿ ಮುಗಿಯಿತು. ಹಳೆಯ ಕಥೆಯ ಯಾವ ಭಯ ಇಂದಿಗೂ ಜೀವಂತವಾಗಿದೆ ಎಂದು ಹುಡುಕುವುದು ಮರುಕಲ್ಪನೆಯ ಮೊದಲ ಕೆಲಸ.

ಮಾಲ್ಗುಡಿಯ ಪಾಠ

ಇದಕ್ಕೆ ಉತ್ತರ ಹುಡುಕಲು ಹೊರದೇಶದವರೆಗೆ ಹೋಗಬೇಕಾಗಿಯೂ ಇಲ್ಲ. ಶಂಕರ್ ನಾಗ್ 1980ರ ದಶಕದಲ್ಲಿ ದೂರದರ್ಶನಕ್ಕಾಗಿ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ವೈಜ್ಞಾನಿಕ ಕಥೆಯಲ್ಲ ನಿಜ. ಆದರೆ ಅದರ ಕಟ್ಟಡವನ್ನು ನೋಡಿ. ಅಲ್ಲಿ ನಾಯಕನೆಂದರೆ ಊರೇ. ಒಂದು ವಾರ ಸ್ವಾಮಿ, ಇನ್ನೊಂದು ವಾರ ಬೇರೊಬ್ಬರು. ಬೀದಿ ಮಾತ್ರ ಅದೇ. ಒಮ್ಮೆ ಕಟ್ಟಿದ ಊರು ಹತ್ತಾರು ಕಥೆಗಳಿಗೆ ಸಾಕಾಯಿತು. 1990ರಲ್ಲಿ ಶಂಕರ್ ನಾಗ್ ತೀರಿಕೊಂಡರು. 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶನದಲ್ಲಿ ಹೊಸ ಕಂತುಗಳು ಬಂದವು. ನಿರ್ದೇಶಕರು ಬದಲಾದರೂ ಊರು ಉಳಿಯಿತು. ‘ಲೈಲಾ’ದಂಥ ಕಥೆಗೆ ದೀರ್ಘಾಯುಷ್ಯ ಬೇಕಾದರೆ ಅದಕ್ಕೊಂದು ನಾಳೆಯ ಮಾಲ್ಗುಡಿ ಬೇಕು.

ಆ ಊರು ದಕ್ಷಿಣ ಬೆಂಗಳೂರೇ ಆಗಬಹುದು. 1948ರಲ್ಲಿ ಸಿ. ರಾಜಗೋಪಾಲಾಚಾರಿಯವರು ಶಂಕುಸ್ಥಾಪನೆ ನೆರವೇರಿಸಿದ ಜಯನಗರ, ಬ್ಲಾಕು ಬ್ಲಾಕಾಗಿ ಯೋಜಿಸಿ ಕಟ್ಟಿದ ಬಡಾವಣೆ. ಒಂದರ್ಥದಲ್ಲಿ ಕಾಗದದ ಮೇಲೆ ಬರೆದ ರಾಮರಾಜ್ಯ. ಅದರ ಸುತ್ತ ಬನಶಂಕರಿಯ ಹಂತಗಳು, ಜೆ.ಪಿ. ನಗರದ ಘಟ್ಟಗಳು ಬೆಳೆದವು. ಬಿ.ಟಿ.ಎಂ. ಎಂಬ ಮೂರಕ್ಷರಗಳು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಗುರುತು. ಆ ‘ಟಿ’ ಅಕ್ಷರದೊಳಗೆ ಒಂದು ಕೆರೆಯ ಹೆಸರೇ ಅಡಗಿದೆ. ಬ್ಲಾಕು, ಹಂತ, ಘಟ್ಟ ಎಂದು ಈಗಾಗಲೇ ಭಾಗ ಭಾಗವಾಗಿರುವ ಊರಿನಲ್ಲಿ, ನಡುವೆ ಗೋಡೆಗಳು ಎದ್ದರೆ ಏನಾದೀತು ಎಂದು ಊಹಿಸುವುದು ಕಷ್ಟವಲ್ಲ. ಗೇಟು, ಕಾವಲುಗಾರ, ಗುರುತಿನ ಚೀಟಿ ಈಗಲೂ ಎಷ್ಟೋ ವಸತಿ ಸಮುಚ್ಚಯಗಳ ಬಾಗಿಲಲ್ಲಿವೆ.

ಇನ್ನು ಮುಖ್ಯ ಪಾತ್ರ. ಹಿಂದೆ ನಮ್ಮ ಹಳ್ಳಿಗಳಲ್ಲಿ ಕೆರೆಯ ತೂಬು ತೆರೆದು ಯಾರ ಗದ್ದೆಗೆ ಎಷ್ಟು ನೀರು ಎಂದು ಹಂಚುತ್ತಿದ್ದವನು ನೀರುಗಂಟಿ. 2049ರ ದಕ್ಷಿಣ ಬೆಂಗಳೂರಿನಲ್ಲಿ ಒಬ್ಬ ನೀರುಗಂಟಿ ಇದ್ದಾಳೆ ಎಂದುಕೊಳ್ಳೋಣ. ಯಾವ ಗೋಡೆಯ ಒಳಗಾದರೂ ಹೋಗಲು ಅಪ್ಪಣೆಯಿರುವುದು ಅವಳೊಬ್ಬಳಿಗೇ, ಏಕೆಂದರೆ ಕೀಲಿ ಅವಳ ಕೈಯಲ್ಲಿದೆ. ಈ ವಾರ ಜಯನಗರದಲ್ಲಿ ಒಂದು ಮದುವೆಮನೆ, ಮುಂದಿನ ವಾರ ಮಡಿವಾಳ ಕೆರೆಯ ದಂಡೆಯಲ್ಲಿ ಒಂದು ಶಾಲೆ, ಅದರ ಮುಂದಿನ ವಾರ ಸಾರಕ್ಕಿ ಕೆರೆಯ ಬಳಿ ಒಂದು ಕಳ್ಳ ಕೊಳವೆ. ಪ್ರತಿ ಕಂತಿಗೆ ಮುಗಿಯುವ ಒಂದು ಕಥೆ ಇರುತ್ತದೆ. ಕಳೆದುಹೋದ ಮಗುವಿನ ದೊಡ್ಡ ಕಥೆ ಹಿನ್ನೆಲೆಯಲ್ಲಿ ತುಸು ತುಸುವಾಗಿ ಸಾಗುತ್ತದೆ. ನಗುವಿಗೆ, ಜಗಳಕ್ಕೆ, ನೆರೆಹೊರೆಯ ದಯೆಗೆ ಇಲ್ಲಿ ಜಾಗವುಂಟು.

ವಿಜ್ಞಾನ ಹಿಡಿದ ಕಡಿವಾಣ

ವೈಜ್ಞಾನಿಕ ಕಥೆಯಲ್ಲಿ ಏನು ಬೇಕಾದರೂ ನಡೆಯಬಹುದೆಂಬ ತಿಳಿವಳಿಕೆ ಸರಿಯಲ್ಲ. ನಿಯಮಗಳು ಬಿಗಿಯಾದಷ್ಟೂ ಕಥೆ ನಂಬುವಂತಾಗುತ್ತದೆ. ಬೆಂಗಳೂರಿನ ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಬರುತ್ತದೆ. ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪು ಮಾಡಿ ಅದನ್ನು ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಬೇಕು. ಪ್ರೌಢಶಾಲೆಯ ಸೂತ್ರವನ್ನೇ ಬಳಸಿ. ಸಾವಿರ ಲೀಟರ್ ನೀರು ಎಂದರೆ 1,000 ಕಿಲೋಗ್ರಾಂ. ಅದನ್ನು 9.8ರಿಂದಲೂ 500ರಿಂದಲೂ ಗುಣಿಸಿದರೆ 49 ಲಕ್ಷ ಜೌಲ್. ಒಂದು ಯೂನಿಟ್ ವಿದ್ಯುತ್ತು 36 ಲಕ್ಷ ಜೌಲ್. ಅಂದರೆ ಮನೆಯ ಮಾಳಿಗೆಯ ಒಂದು ಸಾಧಾರಣ ತೊಟ್ಟಿ ತುಂಬುವ ಮೊದಲೇ ಕನಿಷ್ಠ 1.36 ಯೂನಿಟ್ ಖರ್ಚಾಗಿದೆ. ಪಂಪಿನ ನಷ್ಟ, ಕೊಳವೆಯ ಘರ್ಷಣೆ ಸೇರಿದರೆ ಇನ್ನೂ ಹೆಚ್ಚು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಈ ಲೆಕ್ಕದಂತೆ ಅದಕ್ಕೆ ದಿನವೊಂದಕ್ಕೆ ಹತ್ತು ಲಕ್ಷ ಯೂನಿಟ್ಟಿಗೂ ಮೇಲೆ ಬೇಕು.

ಈಗ ಕಥೆ ತಾನಾಗಿ ಹುಟ್ಟುತ್ತದೆ. ಒಂದು ದಿನ ವಿದ್ಯುತ್ತು ಅರ್ಧದಷ್ಟೇ ಬಂದರೆ? ಯಾವ ಬಡಾವಣೆಯ ಕೀಲಿ ಮೊದಲು ತಿರುಗಬೇಕು? ಆಸ್ಪತ್ರೆಗೋ, ದುಡ್ಡು ಕೊಟ್ಟವರಿಗೋ, ಮಕ್ಕಳಿರುವ ಬೀದಿಗೋ? ನೀರುಗಂಟಿಯ ಕೈ ನಡುಗುವುದು ಇಲ್ಲಿ. ಗ್ಯಾಲಾಕ್ಟಿಕಾದಲ್ಲಿ ಬದುಕುಳಿದವರ ಸಂಖ್ಯೆ ಇದ್ದಂತೆ, ನಮ್ಮ ಧಾರಾವಾಹಿಯ ಪ್ರತಿ ಕಂತು ಕೃಷ್ಣರಾಜಸಾಗರದ ನೀರಿನ ಮಟ್ಟದೊಂದಿಗೆ ಆರಂಭವಾಗಬಹುದು. ಗರಿಷ್ಠ ಮಟ್ಟ 124.80 ಅಡಿ ಎಂಬುದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ.

ಆಸಕ್ತಿಯುಳ್ಳ ವಿದ್ಯಾರ್ಥಿಗಳು ಈ ಊರಿನ ಒಂದು ಕಂತನ್ನು ತಾವೇ ಬರೆದು ನೋಡಬಹುದು. ತಮ್ಮ ಬೀದಿಗೆ ನೀರು ಎಲ್ಲಿಂದ ಬರುತ್ತದೆ, ಕೀಲಿ ತಿರುಗಿಸುವವರು ಯಾರು, ವಾರಕ್ಕೆ ಎಷ್ಟು ದಿನ, ಪಕ್ಕದ ಬೀದಿಗೂ ಅಷ್ಟೇ ಬರುತ್ತದೆಯೆ ಎಂದು ಮೊದಲು ವಿಚಾರಿಸಿಕೊಳ್ಳಿ. ಅನಂತರ ಅದರಲ್ಲಿ ಒಂದೇ ಒಂದು ಸಂಗತಿಯನ್ನು ಬದಲಿಸಿ, ಉಳಿದುದನ್ನು ಇದ್ದಂತೆಯೇ ಇಡಿ. ಕೊನೆಯ ದೃಶ್ಯದಲ್ಲಿ ನಿಮ್ಮ ನೀರುಗಂಟಿ ಯಾವ ಕೀಲಿ ತಿರುಗಿಸಿದಳು, ಏಕೆ ಎಂದು ತರಗತಿಯಲ್ಲಿ ಓದಿ ಹೇಳಿ. ಗೆಳೆಯರು ಅದನ್ನು ಒಪ್ಪದೆ ವಾದಕ್ಕಿಳಿದರೆ ಮುಂದಿನ ಕಂತಿಗೆ ಕಥೆ ಸಿಕ್ಕಿತೆಂದೇ ತಿಳಿಯಬಹುದು.