ಆಲಿಸುವ ಕಿವಿ ಮದರಾಸಿಗೆ ಬಂದ ಬಗೆ

ಮದರಾಸಿನ ಸೌಕಾರ್‌ಪೇಟೆಯ ಮಿಂಟ್ ಬೀದಿಯಲ್ಲಿ ನಡೆದುಹೋಗುವವನ ಕಣ್ಣಿಗೆ, ಗಿರವಿ ಅಂಗಡಿಯ ಕಬ್ಬಿಣದ ಸರಳುಗಳ ಹಿಂದೆ ಸಣ್ಣ ತಕ್ಕಡಿಯಲ್ಲಿ ತೂಗುತ್ತಿರುವ ಸರ, ಅದರ ತೂಕವನ್ನು ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆದುಕೊಳ್ಳುವ ಗುಮಾಸ್ತ, ಹೊರಗೆ ಸೆರಗನ್ನು ಬಿಗಿಯಾಗಿ ಹೊದ್ದು ತಲೆತಗ್ಗಿಸಿ ನಿಂತ ಗೃಹಿಣಿ, ಇವಿಷ್ಟೂ ಒಂದೇ ನೋಟದಲ್ಲಿ ಬೀಳುವುದುಂಟು. ಮಾರವಾಡಿ, ಗುಜರಾತಿ, ತೆಲುಗು ವರ್ತಕ ಕುಟುಂಬಗಳು ತಲೆಮಾರುಗಳಿಂದ ನೆಲಸಿರುವ ಈ ಪೇಟೆಯಲ್ಲಿ ನಗದಿಗಿಂತ ಹೆಚ್ಚು ಕೈ ಬದಲಾಯಿಸುವುದು ನಂಬಿಕೆ. ಆದುದರಿಂದಲೇ ಸಾಲ ತೀರಿಸಲಾರದವನಿಗೆ ಹಣ ಹೋದುದಕ್ಕಿಂತ ಮಾನ ಹೋಯಿತೆಂಬ ಲಜ್ಜೆಯೇ ಘೋರವಾಗಿ ಕಾಣುತ್ತದೆ.

ಆದರೆ ಸಾಲವೊಂದೇ ಯಾರನ್ನೂ ಸಾವಿನ ಅಂಚಿಗೆ ಒಯ್ಯುವುದಿಲ್ಲ. ಅದರೊಡನೆ ಖಿನ್ನತೆ, ಮದ್ಯ, ಮನೆಯ ಕಲಹ, ದೀರ್ಘವ್ಯಾಧಿ, ಯಾರಲ್ಲಿಯೂ ತೋಡಿಕೊಳ್ಳಲಾರದ ಒಂಟಿತನ, ಇವು ಒಂದರ ಮೇಲೊಂದು ಕೂಡಿದಾಗಲೇ ಅಪಾಯ ಬಲಿಯುವುದು. 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆಯೆಂದು ದಾಖಲಾದ 1,70,924 ಸಾವುಗಳಿಗೆ ಪೊಲೀಸು ಪುಸ್ತಕಗಳು ಒಂದೊಂದು ಕಾರಣವನ್ನು ಬರೆದಿವೆ; ಅಷ್ಟು ಸರಳವಾದ ಉತ್ತರವನ್ನು ನಂಬುವುದು ಸತ್ತವರಿಗೂ ಬದುಕಿರುವವರಿಗೂ ಅನ್ಯಾಯವೇ ಸರಿ.

ಇಂಥ ಸಂಕಟಕ್ಕೆ ಆಲಿಸುವುದೇ ಒಂದು ಚಿಕಿತ್ಸೆಯಾಗಬಲ್ಲದೆಂಬ ತಿಳಿವು ನಮ್ಮ ಕಾಲದ್ದು. ಲಂಡನ್ನಿನ ಚಾಡ್ ವಾರಾ ಎಂಬ ಪಾದ್ರಿ, ತನ್ನ ಪೌರೋಹಿತ್ಯದ ಮೊದಲ ದಿನಗಳಲ್ಲಿ ಆತ್ಮಹತ್ಯೆ ಮಾಡಿಕೊಂಡ ಎಳೆಯ ಹುಡುಗಿಯೊಬ್ಬಳ ಅಂತ್ಯಸಂಸ್ಕಾರವನ್ನು ನಡೆಸಿ, ಅವಳಿಗೆ ಎರಡು ಮಾತು ತಿಳಿಯಹೇಳುವವರಿದ್ದಿದ್ದರೆ ಬದುಕುತ್ತಿದ್ದಳಲ್ಲಾ ಎಂದು ನೊಂದುಕೊಂಡು, ಆ ನೋವನ್ನು ವರ್ಷಗಟ್ಟಲೆ ಹೊತ್ತು, ಕಡೆಗೆ 1953ರ ನವೆಂಬರಿನಲ್ಲಿ ತನ್ನ ಚರ್ಚಿನಲ್ಲಿ ಒಂದು ಟೆಲಿಫೋನನ್ನು ನಿರಾಶರಿಗಾಗಿಯೇ ತೆರೆದಿಟ್ಟನು. ನೇರವಾಗಿ ಚರ್ಚಿಗೇ ಬಂದವರ ಸಾಲು ಬೆಳೆಯಿತು. ಕಾದು ಕುಳಿತವರಿಗೆ ಚಹಾ ಕೊಡಲು ಕೆಲವು ಸಾಮಾನ್ಯ ಗೃಹಸ್ಥರು ನೆರವಿಗೆ ನಿಂತರು. ಆಗ ವಾರಾ ಕಂಡುಕೊಂಡ ಸಂಗತಿ ನನಗೆ ಈ ಚರಿತ್ರೆಯಲ್ಲೆಲ್ಲ ಅತ್ಯಂತ ಅಮೂಲ್ಯವಾದುದಾಗಿ ತೋರುತ್ತದೆ: ಬಂದವರಲ್ಲಿ ಅನೇಕರು ಚಹಾ ಕೊಟ್ಟವರೊಡನೆಯೇ ಮನಸ್ಸು ಬಿಚ್ಚಿ ಮಾತನಾಡಿ, ಪಾದ್ರಿಯನ್ನು ಕಾಣುವ ಅಗತ್ಯವೇ ಇಲ್ಲದೆ ಹಗುರಾಗಿ ಮರಳುತ್ತಿದ್ದರು. ಮರುವರ್ಷವೇ ಆತ ಆಲಿಸುವ ಹೊಣೆಯನ್ನು ಆ ಸ್ವಯಂಸೇವಕರಿಗೆ ಒಪ್ಪಿಸಿದನು. ಸಮಾರಿಟನ್ಸ್ ಎಂಬ ಸಂಸ್ಥೆ ಬೆಳೆದುದು ಹೀಗೆ.

ಇನ್ನು ಮದರಾಸಿಗೆ ಬಂದರೆ, ಇಲ್ಲಿನ ಕಿಲ್ಪಾಕಿನ ಮಾನಸಿಕ ಆಸ್ಪತ್ರೆಯ ಮೂಲ 1794ರಷ್ಟು ಹಿಂದಿನದು. ನಮ್ಮ ಮಂಗಳೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಮನೋವೈದ್ಯಕೀಯವನ್ನು ಅಭ್ಯಸಿಸಿ, ದೇಶದ ಮೊದಲ ಮಹಿಳಾ ಮನೋವೈದ್ಯೆಯೆನಿಸಿದ ಡಾ. ಶಾರದಾ ಮೆನನ್ ಅವರು 1961ರಿಂದ ಹಲವು ವರ್ಷ ಅದರ ಮೇಲ್ವಿಚಾರಣೆ ನಡೆಸಿದುದನ್ನು ಕನ್ನಡಿಗರು ಅಭಿಮಾನದಿಂದ ನೆನೆಯಬೇಕು. ಆದರೆ ಆಸ್ಪತ್ರೆಯ ಬಾಗಿಲಿಗೆ ಹೋಗಲು ನಾಚುವವರ ಪಾಡೇನು? ಅಂಥವರಿಗಾಗಿ ಮನೋವೈದ್ಯೆ ಡಾ. ಲಕ್ಷ್ಮಿ ವಿಜಯಕುಮಾರ್ ಅವರು 1986ರಲ್ಲಿ ಇದೇ ನಗರದಲ್ಲಿ ‘ಸ್ನೇಹಾ’ವನ್ನು ಸ್ಥಾಪಿಸಿದರು. ತರಬೇತು ಪಡೆದ ಸ್ವಯಂಸೇವಕರು ಅಲ್ಲಿ ಬುದ್ಧಿ ಹೇಳುವುದಿಲ್ಲ, ನ್ಯಾಯ ತೀರ್ಮಾನಿಸುವುದಿಲ್ಲ, ಕೇಳಿದುದನ್ನು ಹೊರಗೆ ಆಡುವುದಿಲ್ಲ, ಕೇಳುತ್ತಾರೆ.

ಅಂದು ಕಾನೂನೂ ಎದುರಾಗಿತ್ತು. 1860ರ ದಂಡಸಂಹಿತೆಯ 309ನೆಯ ಕಲಮು, ಆತ್ಮಹತ್ಯೆಗೆ ಯತ್ನಿಸಿ ಬದುಕಿ ಉಳಿದವನಿಗೆ ಒಂದು ವರ್ಷದವರೆಗಿನ ಸೆರೆಯನ್ನು ವಿಧಿಸುತ್ತಿತ್ತು; ಪೊಲೀಸರ ಭಯದಿಂದ ಮನೆಯವರು ನಡೆದುದನ್ನು ಆಕಸ್ಮಿಕವೆಂದು ಮುಚ್ಚುವರು, ಮದ್ದು ಸಿಗಬೇಕಾದ ಗಾಯ ಹಾಗೆಯೇ ಉಳಿಯುವುದು. 2018ರ ಮೇ 29ರಿಂದ ಜಾರಿಗೆ ಬಂದ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು, ಅಂಥವನು ತೀವ್ರ ಮನೋಯಾತನೆಯಲ್ಲಿದ್ದನೆಂದೇ ಭಾವಿಸಿ ಅವನ ಆರೈಕೆಯನ್ನು ಸರಕಾರದ ಕರ್ತವ್ಯವನ್ನಾಗಿ ಮಾಡಿತು. ಬಹಳ ತಡವಾಗಿ ಬಂದ ನ್ಯಾಯವಿದು.

ಆಲಿಸುವುದರ ಫಲವನ್ನು ಅಳೆದು ತೋರಿಸಿದ ನಗರಗಳಲ್ಲಿ ಮದರಾಸೂ ಒಂದು. ವಿಶ್ವ ಆರೋಗ್ಯ ಸಂಸ್ಥೆಯು ಐದು ದೇಶಗಳಲ್ಲಿ, ಆತ್ಮಹತ್ಯೆಗೆ ಯತ್ನಿಸಿ ಆಸ್ಪತ್ರೆಗೆ ಬಂದ 1,867 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರೊಡನೆ ಸುಮಾರು ಒಂದು ಗಂಟೆ ಮಾತನಾಡಿ, ಬಳಿಕ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ‘ಹೇಗಿದ್ದೀರಿ’ ಎಂದು ವಿಚಾರಿಸಿಕೊಂಡಿತು. ರೂಢಿಯ ಚಿಕಿತ್ಸೆಯಷ್ಟೇ ದೊರೆತವರಲ್ಲಿ ಶೇ. 2.2ರಷ್ಟು ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರೆ, ಹೀಗೆ ವಿಚಾರಿಸಿಕೊಂಡ ಗುಂಪಿನಲ್ಲಿ ಶೇ. 0.2 ಮಾತ್ರ. ಖಿನ್ನತೆಗೆ ಔಷಧವೂ ಮನಶ್ಚಿಕಿತ್ಸೆಯೂ ಬೇಕು. ಅದರೊಡನೆ ಬಿಡದೆ ಹಿಂದೆ ಬರುವ ಅಕ್ಕರೆಯೂ ಬೇಕು.

ಸಾಯಬೇಕೆಂಬ ಆವೇಗ ಬಹುಪಾಲು ಅಲ್ಪಕಾಲದ್ದು. ಆ ಗಳಿಗೆಯನ್ನು ದಾಟಿಸಿದರೆ ಮನುಷ್ಯ ಉಳಿಯುತ್ತಾನೆ. ಕಡಲೂರು ಜಿಲ್ಲೆಯ ಕಾಟ್ಟುಮನ್ನಾರ್‌ಕೋಯಿಲಿನ ಬಳಿಯ ಹಳ್ಳಿಗಳಲ್ಲಿ ಕೀಟನಾಶಕಗಳನ್ನು ಮನೆಗಳಿಂದ ತೆಗೆಸಿ ಬೀಗಹಾಕಿದ ಸಾರ್ವಜನಿಕ ಕೋಠಿಯಲ್ಲಿ ಇರಿಸಿದುದೂ, ಪರೀಕ್ಷೆಯಲ್ಲಿ ಅನುತ್ತೀರ್ಣರಾದ ಮಕ್ಕಳು ವರ್ಷವಿಡೀ ಕಾಯದೆ ಬೇಗನೆ ಮರುಪರೀಕ್ಷೆ ಬರೆಯುವ ಅವಕಾಶವನ್ನು ತಮಿಳುನಾಡು ಕಲ್ಪಿಸಿದುದೂ ಈ ಒಂದೇ ತತ್ತ್ವದ ಆಚರಣೆ. 2017ರಲ್ಲಿ ಆ ಸರಕಾರ ರ್‍ಯಾಂಕುಗಳ ಪ್ರಕಟಣೆಯನ್ನೂ ನಿಲ್ಲಿಸಿತು.

“ನಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ”, “ಸಾಕಪ್ಪಾ ಈ ಜೀವ” ಎಂಬ ಮಾತು ಕಿವಿಗೆ ಬಿದ್ದಾಗ ಅದನ್ನು ಬಾಯಿಮಾತೆಂದು ತಳ್ಳಿಹಾಕಬೇಡಿರಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆಲುದನಿಯಲ್ಲಿ ಕೇಳಿರಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅಪಾಯ ಕೈಮೀರುವಂತಿದ್ದರೆ ಅವರನ್ನು ಒಂಟಿಯಾಗಿ ಬಿಡದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಈ ಸಾಲುಗಳನ್ನು ಓದುತ್ತಿರುವ ನೀವೇ ಅಂಥ ಭಾರದಲ್ಲಿದ್ದರೆ, ದಯಮಾಡಿ ಇಂದೇ ಒಬ್ಬರೊಡನೆ ಮಾತನಾಡಿರಿ. ಮದರಾಸಿನ ‘ಸ್ನೇಹಾ’ದ ದೂರವಾಣಿ 044-24640050; ಬೆಂಗಳೂರಿನ ನಿಮ್ಹಾನ್ಸ್ ಮುಂದಾಳುತನದ ಟೆಲಿಮಾನಸ್ ಸೇವೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ. ಅದರ ಸಂಖ್ಯೆ 14416.