ಗಣಕದಲ್ಲಿ ಕನ್ನಡ ಪಠ್ಯದ ನೆಲೆ: ತಂತ್ರಾಂಶ ಸ್ಥಾಪನೆಯ ಏಕರೂಪತೆ

ಬೇತಮಂಗಲದ ಶಾಸನಗಳನ್ನು ಅರಸುವ ಸಂಶೋಧಕರು ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವನ್ನು ತೆರೆಯುತ್ತಾರೆ. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಈ ಕೋಲಾರ ಸಂಪುಟದಲ್ಲಿ ತಾಲ್ಲೂಕಿನ ಹೆಸರು ಮತ್ತು ಕ್ರಮಸಂಖ್ಯೆ ತಿಳಿದರೆ ಸಾಕು; ಅಂದು ಬೌರಿಂಗ್‌ಪೇಟೆ ಎನಿಸಿದ್ದ ಬಂಗಾರಪೇಟೆಯ ಶಾಸನವು ಯಾವ ಗ್ರಂಥಾಲಯದ ಪ್ರತಿಯಲ್ಲಿಯೂ ಅದೇ ಸ್ಥಾನದಲ್ಲಿ ದೊರೆಯುತ್ತದೆ. ಗಣಕಕ್ಕೆ ಏರಿದ ಕನ್ನಡ ಪಠ್ಯಕ್ಕೆ ಈ ನಿಶ್ಚಿತತೆ ಬಹುಕಾಲ ಒದಗಲಿಲ್ಲ.

ಈ ಭಾಗದ ಶಾಸನಪಾಠಗಳ ಹಳೆಯ ಕಡತವೊಂದನ್ನು ಹಿರಿಯರೊಬ್ಬರಿಂದ ಪಡೆದು ತೆರೆದಾಗ ನನಗೆ ಕಂಡದ್ದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ರಾಶಿ. 1998ರಲ್ಲಿ ಬಂದ ಬರಹ, ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಸಂಕೇತವು ಅಕ್ಷರಕ್ಕಲ್ಲ, ಅಕ್ಷರದ ಆಕೃತಿಗೆ ಸಲ್ಲುತ್ತಿತ್ತು. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಪಠ್ಯ ಓದಲಾಗದು. ಯುನಿಕೋಡ್ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡದ ಪ್ರತಿ ಅಕ್ಷರಕ್ಕೆ ಸ್ಥಿರ ಸಂಖ್ಯೆ ನೀಡಿತ್ತು. (ಸ್ಥಿರತೆಗೆ ಬೆಲೆಯೂ ಉಂಟು: ಹಳಗನ್ನಡದ ೞಕಾರಕ್ಕೆ ಅಲ್ಲಿ ತಪ್ಪಾಗಿ ‘ಫ’ ಎಂಬ ಹೆಸರು ಬಿದ್ದಿದೆ, ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಅದು ಹಾಗೆಯೇ ಉಳಿದಿದೆ.)

ಸಂಕೇತ ಸ್ಥಿರವಾದರೆ ಸಾಲದು. ಒತ್ತಕ್ಷರವನ್ನು ಸರಿಯಾಗಿ ಜೋಡಿಸುವ ಕ್ರಮವಿಧಿಯೂ ಬೇಕು. ಹಲವು ತಂತ್ರಾಂಶಗಳು ಹಂಚಿಕೊಳ್ಳುವ ಇಂತಹ ಸಿದ್ಧ ಕ್ರಮವಿಧಿಗಳ ಸಂಗ್ರಹಕ್ಕೆ ಲೈಬ್ರರಿ ಎಂದು ಹೆಸರು. ಹಾರ್ಫ್‌ಬಝ್ ಎಂಬ ಲೈಬ್ರರಿಯನ್ನು ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಎರಡೂ ಬಳಸುತ್ತವೆ. ಅದರಲ್ಲಿನ ದೋಷವೊಂದನ್ನು ತಿದ್ದಿದರೆ ಎರಡರಲ್ಲಿಯೂ ಕನ್ನಡ ಸುಧಾರಿಸುತ್ತದೆ.

ಹಂಚಿಕೊಳ್ಳಬೇಕಾದರೆ ಅದು ಎಲ್ಲಿದೆ ಎಂಬುದು ಎಲ್ಲರಿಗೂ ತಿಳಿದಿರಬೇಕಷ್ಟೆ. ಲಿನಕ್ಸ್ ಗಣಕಗಳಿಗಾಗಿ 1994ರಲ್ಲಿ ಮೊದಲು ಪ್ರಕಟವಾಗಿ, 2015ರಲ್ಲಿ ಮೂರನೆಯ ಆವೃತ್ತಿ ಕಂಡ ಕಡತವಿನ್ಯಾಸದ ಮಾನಕವು ಇದನ್ನೇ ಗೊತ್ತುಪಡಿಸುತ್ತದೆ. ಲೈಬ್ರರಿಗಳಿಗೆ ‘ಲಿಬ್’, ಇತರ ವಿವರಣ ಸಾಹಿತ್ಯಕ್ಕೆ ‘ಶೇರ್’ ಒಳಗಿನ ‘ಡಾಕ್’, ಕೈಪಿಡಿಗೆ ‘ಮ್ಯಾನ್’ ಎಂಬ ಕೋಶಗಳಿವೆ. ಕೈಪಿಡಿಯ ಕೋಶದಲ್ಲಿ ಭಾಷೆಗೊಂದು ಉಪಕೋಶಕ್ಕೂ ಅವಕಾಶವಿದೆ. ಕನ್ನಡದ ಗುರುತು ‘ಕೆಎನ್’. ಕನ್ನಡದಲ್ಲಿ ಬರೆದ ಕೈಪಿಡಿಯನ್ನು ಅಲ್ಲಿರಿಸಿದರೆ, ಕನ್ನಡವನ್ನು ಆಯ್ದುಕೊಂಡ ಬಳಕೆದಾರರಿಗೆ ಗಣಕವು ಅದನ್ನೇ ಮೊದಲು ತೋರಿಸುತ್ತದೆ; ಇಲ್ಲದಿದ್ದರೆ ಇಂಗ್ಲಿಷಿನದಕ್ಕೆ ಮರಳುತ್ತದೆ.

ನಮ್ಮ ವಿಭಾಗಗಳು ಈವರೆಗೆ ಅಕ್ಷರಶೈಲಿ ಮತ್ತು ಕೀಲಿಮಣೆಯ ಚರ್ಚೆಯಲ್ಲಿಯೇ ಹೆಚ್ಚು ತೊಡಗಿವೆ ಎಂಬುದು ನನ್ನ ಅನಿಸಿಕೆ. ಆದರೆ ಕೈಪಿಡಿ ಬರೆಯುವುದು ತಂತ್ರಜ್ಞರಿಗಿಂತ ಭಾಷೆ ಬಲ್ಲವರ ಕೆಲಸ. ಮೇಲೆ ಹೇಳಿದ ಕಡತವನ್ನು ಪರಿವರ್ತಿಸಿದ ಮೇಲೂ ಅನೇಕ ಕಡೆ ಱಕಾರವು ರಕಾರವಾಗಿಯೇ ಉಳಿದಿತ್ತು. ಮುದ್ರಿತ ಸಂಪುಟದೊಡನೆ ಹೋಲಿಸಿ ಒಂದೊಂದನ್ನೂ ತಿದ್ದಬೇಕಾಯಿತು.