ಓಟದ ಬಯಲಿಗೆ ಗುರುತುಕಲ್ಲಿಲ್ಲ

ಊರಹಬ್ಬಕ್ಕೆ ಎತ್ತಿನ ಗಾಡಿ ಓಡಿಸುತ್ತಿದ್ದ ಬಯಲುಗಳು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಒಂದೊಂದಾಗಿ ಕಣ್ಮರೆಯಾದವು. ಯಾಕೆ ಎಂದರೆ ಸಿದ್ಧ ಉತ್ತರವೊಂದಿದೆ: ಕೋರ್ಟು ನಿಲ್ಲಿಸಿತು. 2014ರ ಮೇ 7ರಂದು ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಪಿನಾಕಿ ಚಂದ್ರ ಘೋಷ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಜಲ್ಲಿಕಟ್ಟಿನ ಜೊತೆಗೆ ಗಾಡಿ ಓಟವನ್ನೂ ತಡೆದದ್ದು ನಿಜ. ಆದರೆ ಆ ತಡೆ ತೆರವಾಗಿಯೂ ವರ್ಷಗಳಾದವು. ರಾಜ್ಯ ಸರ್ಕಾರ 2017ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳಕ್ಕೂ ಗಾಡಿ ಓಟಕ್ಕೂ ಒಟ್ಟಿಗೇ ದಾರಿ ಮಾಡಿಕೊಟ್ಟಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅನುಮತಿ ಬಂತು, ಬಯಲು ಬರಲಿಲ್ಲ. ಕಾನೂನು ಕಸಿದುಕೊಂಡದ್ದೇ ಆಗಿದ್ದರೆ ಕಾನೂನು ಮರಳಿಸಿದಾಗ ಅದು ಮರಳಬೇಕಿತ್ತು. ಈ ಬಯಲುಗಳನ್ನು ನುಂಗಿದ್ದು ಬೇರೆಯೇ. ನಮ್ಮ ಬೇಸಾಯದ ವರ್ಷದಲ್ಲಿದ್ದ ಬಿಡುವು ಹೋಯಿತು, ಅದರೊಂದಿಗೆ ಬಯಲೂ ಹೋಯಿತು.

ಈ ಕಡೆಯ ಓಟದ ಬಯಲನ್ನು ಯಾರೂ ಕಟ್ಟಿಸಿದವರಲ್ಲ. ಮುಂಗಾರಿಗೆ ಬಿತ್ತಿದ ರಾಗಿ ಕೊಯ್ಲಾಗಿ, ಮೆದೆ ಒಟ್ಟಿ, ಅಕ್ಕಡಿ ಸಾಲಿನ ಅವರೆಯೂ ಮುಗಿದ ಮೇಲೆ ಕೆಮ್ಮಣ್ಣಿನ ಹೊಲಗಳು ಸಂಕ್ರಾಂತಿ ಹೊತ್ತಿಗೆ ಬರಿದಾಗುತ್ತಿದ್ದವು. ಯುಗಾದಿಗೆ ಹೊನ್ನಾರು ಕಟ್ಟುವವರೆಗೆ ನೆಲಕ್ಕೆ ಕೆಲಸವಿಲ್ಲ, ಎತ್ತಿಗೂ ಅಷ್ಟಾಗಿ ಇಲ್ಲ. ಜಾತ್ರೆ, ಪರಿಷೆ, ಊರಹಬ್ಬ ಹೆಚ್ಚಾಗಿ ಬೀಳುವುದೂ ಆ ಎರಡು ಎರಡೂವರೆ ತಿಂಗಳಲ್ಲೇ. ಚನ್ನಪಟ್ಟಣದ ಬಳಿಯ ಕೆಂಗಲ್ ಆಂಜನೇಯನ ಸನ್ನಿಧಿಯಲ್ಲಿ ದನಗಳ ಜಾತ್ರೆ ಸೇರುವುದು ಜನವರಿಯಲ್ಲಿ ಎಂಬುದು ಸುಮ್ಮನೆ ಕೂಡಿಬಂದ ಸಂಗತಿಯಲ್ಲ. ಒತ್ತಿಗೆ ಒತ್ತಾದ ನಾಲ್ಕಾರು ಹೊಲಗಳ ಬದು ತೆರೆದು, ಕೂಳೆ ಕಿತ್ತು, ಕಲ್ಲು ಆರಿಸಿ, ಕುಂಟೆ ಹೊಡೆದರೆ ಬಯಲು ಸಿದ್ಧ. ನೆಲ ತೀರಾ ಗಟ್ಟಿಯಾದರೆ ಲಾಳ ಜಾರುತ್ತದೆ, ತೀರಾ ಮೆದುವಾದರೆ ಗಾಲಿ ಹೂತುಕೊಳ್ಳುತ್ತದೆ. ಆ ಹದವನ್ನು ಕಾಲಲ್ಲೇ ಒತ್ತಿ ನೋಡಿ ಹೇಳುವವರು ಇದ್ದರು. ಅಕ್ಕಪಕ್ಕ ಎರಡು ಜಾಡು, ಒಂದೊಂದರಲ್ಲಿ ಒಂದೊಂದು ಗಾಡಿ. ಅದು ಗೊಬ್ಬರ ಸಾಗಿಸುವ ಗಾಡಿಯಲ್ಲ, ಮೇಲಿನ ಹಲಗೆಯೆಲ್ಲ ಕಳಚಿ ನೊಗ, ಮೂಕಿ, ಅಚ್ಚು, ಗಾಲಿಗಳನ್ನಷ್ಟೇ ಉಳಿಸಿಕೊಂಡದ್ದು. ಹೊಡೆಯುವವನು ಕಾಲು ಅಗಲಿಸಿ ನಿಂತು, ಮೂಗುದಾರದಿಂದ ಬಂದ ಹಗ್ಗವನ್ನು ಬಿಗಿ ಹಿಡಿಯುತ್ತಾನೆ. ಹೊರಡುವ ಮೊದಲು ಕೊನೆಯದಾಗಿ ಕೈಯಿಟ್ಟು ನೋಡುವುದು ಕಡಾಣಿಯನ್ನು, ಅದು ಸಡಿಲವಿದ್ದರೆ ಗಾಲಿಯೇ ಕಳಚಿ ಜನರ ನಡುವೆ ಉರುಳೀತು. ಜೊತೆ ಹಾಕುವಾಗ ವಯಸ್ಸು ಕೇಳುವುದಿಲ್ಲ, ಬಾಯಿ ತೆರೆಸಿ ನೋಡುತ್ತಾರೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು. ಯುಗಾದಿ ಕಳೆದು ಮಳೆ ಬಿದ್ದರೆ ಆ ಜಾಡೆಲ್ಲ ನೇಗಿಲ ಕೆಳಗೆ. ಮುಂದಿನ ವರ್ಷ ಬಯಲು ಪಕ್ಕದ ಹೊಲಕ್ಕೆ ಸರಿದರೂ ಸರಿಯಿತು.

ಕಾನೂನೇ ಕಾರಣ ಎನ್ನುವವರು ಕರಾವಳಿಯ ಕಡೆ ಒಮ್ಮೆ ನೋಡಬೇಕು. ಕಂಬಳಕ್ಕೂ ಗಾಡಿ ಓಟಕ್ಕೂ ಅಡ್ಡ ಬಂದದ್ದು ಒಂದೇ ಕಾಯ್ದೆ, ಬಿಡಿಸಿದ್ದೂ ಒಂದೇ ತಿದ್ದುಪಡಿ. 2016ರಲ್ಲಿ ಹೈಕೋರ್ಟ್ ಕಂಬಳಕ್ಕೆ ತಡೆ ಕೊಟ್ಟಾಗ ಅಲ್ಲೂ ಹಾಹಾಕಾರವೆದ್ದಿತ್ತು. ತಡೆ ಹೋದದ್ದೇ ಕಂಬಳ ಮೊದಲಿಗಿಂತ ಬಲವಾಗಿ ಎದ್ದಿತು. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೇ ಕರೆ, ಅಂದರೆ ಕೆಸರಿನ ಓಟದ ಜಾಡು, ತೋಡಿ ಕೋಣ ಓಡಿಸಿದರು. ವ್ಯತ್ಯಾಸ ಎಲ್ಲಿದೆ? ಕಂಬಳದ ಕರೆಗೆ ಒಂದು ಜಾಗ ಇದೆ, ಒಂದು ಹೆಸರಿದೆ, ಗುತ್ತಿನ ಮನೆಯೋ ದೇವಸ್ಥಾನವೋ ಸಮಿತಿಯೋ ಅದರ ಹಿಂದಿದೆ. ಯಾವ ಕೋಣ ಯಾವ ಕರೆಯಲ್ಲಿ ಎಷ್ಟು ಸೆಕೆಂಡಿನಲ್ಲಿ ಮುಟ್ಟಿತೆಂಬ ಲೆಕ್ಕವೂ ಉಳಿಯುತ್ತದೆ. ನಮ್ಮ ಬಯಲಿಗೆ ಇದೊಂದೂ ಇರಲಿಲ್ಲ. ಪಹಣಿಯಲ್ಲಿ ಅದು ಯಾರದೋ ರಾಗಿ ಹೊಲ, ಅಷ್ಟೇ. ಹಾಗಾಗಿ ಅದು ಹೋದಾಗ ಹೋಯಿತೆಂದು ದೂರು ಕೊಡುವವರೂ ಇರಲಿಲ್ಲ.

ಹೋದದ್ದು ಹೇಗೆ ಎಂಬುದನ್ನು ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನಂಥ ಊರಿನ ಸುತ್ತಲ ಬೆಳೆಯೇ ಹೇಳುತ್ತದೆ. ರಾಗಿಯ ಜಾಗಕ್ಕೆ ಹಿಪ್ಪುನೇರಳೆ ಬಂತು, ತೆಂಗು ಬಂತು, ಮಾವು ಬಂತು. ಮೂರೂ ಲಾಭದ ಬೆಳೆಗಳೇ. ಪಕ್ಕದ ರಾಮನಗರದಲ್ಲಿ ದೇಶದಲ್ಲೇ ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆ ಇರುವಾಗ ಸೊಪ್ಪು ಬೆಳೆಯದಿರುವುದು ಪೆದ್ದತನವಾದೀತು. ಆದರೆ ಈ ಮೂರೂ ವರ್ಷವಿಡೀ ನೆಲ ಬಿಟ್ಟುಕೊಡದ ಬೆಳೆಗಳು. ಸಂಕ್ರಾಂತಿಗೆ ಕಡ್ಡಿ ಕಿತ್ತು ಗಾಡಿ ಓಡಿಸಿ, ಯುಗಾದಿಗೆ ಮತ್ತೆ ನೆಡಲು ಬರುವುದಿಲ್ಲ. ಬೇಸಿಗೆಯಲ್ಲಿ ಒಣಗುತ್ತಿದ್ದ ಕೆರೆಯಂಗಳವೂ ಒಂದು ಬಯಲೇ ಆಗಿತ್ತು. ಶಿಂಷಾ ನದಿಯ ಇಗ್ಗಲೂರು ಬ್ಯಾರೇಜಿನಿಂದ ನೀರೆತ್ತಿ ತಾಲ್ಲೂಕಿನ ಕೆರೆಗಳನ್ನು ತುಂಬಿಸುವ ಯೋಜನೆ ಬಂದ ಮೇಲೆ ಅಂಗಳಕ್ಕೆ ನೀರು ಬಂತು. ಕೆರೆ ತುಂಬಿಸಿದ ಕೀರ್ತಿಗಾಗಿ ರಾಜಕಾರಣಿಗಳು ಚುನಾವಣೆಯಿಂದ ಚುನಾವಣೆಗೆ ಕಿತ್ತಾಡುತ್ತಾರೆ, ಓಟದ ಬಯಲು ಮುಳುಗಿಸಿದ ಕೀರ್ತಿಯನ್ನು ಮಾತ್ರ ಯಾರೂ ಕೇಳಿಲ್ಲ! ಉಳಿದ ಖಾಲಿ ಜಾಗಕ್ಕೆ ಬೆಂಗಳೂರಿನ ಕಣ್ಣು ಬಿತ್ತು. ಹೊಲಗಳು ಸೈಟುಗಳಾಗಿ ಕಲ್ಲು ನೆಡಿಸಿಕೊಂಡವು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಚನ್ನಪಟ್ಟಣವನ್ನು ಪಕ್ಕಕ್ಕಿಟ್ಟು ಹೋಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯಲ್ಲಿ ಬೈಕು, ಆಟೊ, ಟ್ರ್ಯಾಕ್ಟರಿಗೇ ಜಾಗವಿಲ್ಲ, ಎತ್ತಿನ ಗಾಡಿಯ ಮಾತೆಲ್ಲಿ ಬಂತು?

ಎತ್ತಿನ ಕಥೆಯೂ ಹೀಗೇ. ಈ ಸೀಮೆಯ ಹೆಮ್ಮೆ ಹಳ್ಳಿಕಾರ್. ಮೈಸೂರು ಸಂಸ್ಥಾನದ ಅಮೃತಮಹಲ್ ದನಗಳ ಮೂಲದಲ್ಲಿರುವ ತಳಿ ಇದು. ಹೈದರಾಲಿ, ಟಿಪ್ಪುವಿನ ಕಾಲದಲ್ಲಿ ಫಿರಂಗಿ ಎಳೆಯುವಷ್ಟು ಬಲ, ವೇಗ ಎರಡೂ ಇದ್ದ ದನಗಳವು. 2000ದಲ್ಲಿ ಅಂಚೆ ಇಲಾಖೆ ದೇಸಿ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಹಳ್ಳಿಕಾರ್‌ಗೂ ಜಾಗ ಸಿಕ್ಕಿತು. ಚೀಟಿಯಲ್ಲಿ ಸಿಕ್ಕ ಜಾಗ ಕೊಟ್ಟಿಗೆಯಲ್ಲಿ ಉಳಿಯಲಿಲ್ಲ. ಜಾನುವಾರು ಗಣತಿಯ ಪ್ರಕಾರ 2012ರಿಂದ 2019ರ ನಡುವೆ ದೇಶದ ಒಟ್ಟು ದನಗಳ ಸಂಖ್ಯೆ ತುಸು ಏರಿ 19.25 ಕೋಟಿಗೆ ಬಂತು. ಆದರೆ ಅವುಗಳ ಪೈಕಿ ಗಂಡು 6.79 ಕೋಟಿಯಿಂದ 4.74 ಕೋಟಿಗೆ ಇಳಿಯಿತು, ಅಂದರೆ ಏಳು ವರ್ಷದಲ್ಲಿ ಶೇ 30ರಷ್ಟು. ಓಟದ ನಿಷೇಧ ಇದ್ದದ್ದೂ ಹೆಚ್ಚು ಕಡಿಮೆ ಇದೇ ಅವಧಿಯಲ್ಲಿ ಎಂದು ಯಾರಾದರೂ ಬೆರಳು ತೋರಿಸಬಹುದು. ಆದರೆ ಗಾಡಿ ಓಟದ ಗಂಧಗಾಳಿಯೇ ಇಲ್ಲದ ಸೀಮೆಗಳೂ ಸೇರಿದ ದೇಶವ್ಯಾಪಿ ಲೆಕ್ಕ ಇದು. ಉತ್ತಿದ್ದು ಟ್ರ್ಯಾಕ್ಟರು, ಹೊತ್ತದ್ದು ಗೂಡ್ಸ್ ಆಟೊ, ಡೇರಿಗೆ ಬೇಕಾದದ್ದು ಸೀಮೆಹಸು. ಗಂಡು ಕರುವಿಗೆ ಕೆಲಸವೇ ಉಳಿಯದಿದ್ದಾಗ ಅದನ್ನು ಸಾಕುವವರು ಯಾರು? 2022ರ ಕೊನೆಗೆ ಚರ್ಮಗಂಟು ರೋಗ ಹರಡಿ ದನಗಳ ಜಾತ್ರೆಗಳಿಗೂ ನಿರ್ಬಂಧ ಬಿದ್ದಾಗ, ಇದ್ದಬದ್ದ ಜೋಡಿಗಳನ್ನು ಕಟ್ಟಿಕೊಂಡವರಿಗೆ ಅದೊಂದು ಪೆಟ್ಟು.

ಓಟ ಎಲ್ಲಿ ನಿಂತಿದೆ, ವಾರಕ್ಕೊಂದು ಪೋಸ್ಟರು ಕಾಣುತ್ತದಲ್ಲ ಎಂಬ ಆಕ್ಷೇಪವಿದೆ. ಸರಿಯಾದ ಮಾತೇ. ಹಳೇ ಮೈಸೂರು ಕಡೆ ಇಂದು ರಾಜ್ಯಮಟ್ಟದ ಜೋಡೆತ್ತಿನ ಗಾಡಿ ಓಟಗಳು ನಡೆಯುತ್ತವೆ. ಬಹುಮಾನಕ್ಕೆ ಬೈಕು, ನಗದು ಇಡುತ್ತಾರೆ. ಓಟದ ವಿಡಿಯೊಗಳನ್ನು ಮೊಬೈಲಿನಲ್ಲಿ ನೋಡುವವರಿಗೆ ಲೆಕ್ಕವಿಲ್ಲ. ಹಳ್ಳಿಕಾರ್ ಸಾಕಿ ಹೆಸರಾದವರೊಬ್ಬರು 2023ರಲ್ಲಿ ಬಿಗ್ ಬಾಸ್ ಮನೆಗೂ ಹೋಗಿಬಂದರು. ಇದನ್ನು ಹೀಗಳೆಯಬೇಕಿಲ್ಲ, ತಳಿ ಉಳಿಯಲು ಇದರಿಂದ ಸಹಾಯವೂ ಆಗಿದೆ. ಆದರೆ ನಾವು ನೆನೆಯುತ್ತಿರುವ ಬಯಲು ಇದಲ್ಲ. ಈಗಿನದು ದುಡ್ಡು ಹಾಕುವವರಿದ್ದಲ್ಲಿ ಜೆಸಿಬಿ ತಂದು ಸಮ ಮಾಡಿಸಿ, ಶಾಮಿಯಾನ ಹಾಕಿಸಿ, ದೂರದೂರದಿಂದ ಲಾರಿಯಲ್ಲಿ ಎತ್ತು ಇಳಿಸಿ ನಡೆಸುವ ಸ್ಪರ್ಧೆ. ಅಲ್ಲಿ ಓಡುವುದು ಓಟಕ್ಕೆಂದೇ ಸಾಕಿದ ಎತ್ತು, ನೊಗದ ಬೇರೆ ಕೆಲಸವನ್ನೇ ಕಾಣದ್ದು. ಊರ ಬಯಲಿನಲ್ಲಿ ಓಡುತ್ತಿದ್ದದ್ದು ಹೊಲ ಉಳುವ ಜೋಡಿ. ಅದನ್ನು ಹೂಡಿದವನ ಮನೆ ನೋಡುವವರಿಗೆ ಗೊತ್ತು, ಅದರ ಹೂಟಿ ಹೇಗೆಂದೂ ಗೊತ್ತು. ಗೆದ್ದ ಜೋಡಿಗೆ ಮರುದಿನ ಬೆಲೆ ಏರುತ್ತಿತ್ತು, ಏರಿದ್ದು ದುಡಿಮೆಯ ಎತ್ತಿನ ಬೆಲೆ.

ಇನ್ನು ಹಿಂಸೆಯ ಪ್ರಶ್ನೆ. ಇದನ್ನು ‘ಸಂಸ್ಕೃತಿ’ ಎಂಬ ಒಂದೇ ಮಾತಿನಲ್ಲಿ ಹಾರಿಸಿಬಿಡುವ ಚಾಳಿ ನಮ್ಮಲ್ಲಿದೆ, ಅದು ತಪ್ಪು. ಬಾಲ ತಿರುಚುವುದು, ಕಚ್ಚುವುದು, ಮೊಳೆ ಕಟ್ಟಿದ ಕೋಲಿನಿಂದ ತಿವಿಯುವುದು ಓಟಗಳಲ್ಲಿ ನಡೆದಿವೆ. 2014ರ ತೀರ್ಪು ಇಂಥವನ್ನು ನೋಡಿಯೇ ಬಂದದ್ದು. ಹಿಂದಿನವರು ಎತ್ತನ್ನು ದೇವರಂತೆ ಕಂಡರು, ಆದ್ದರಿಂದ ಹೊಡೆಯಲಿಲ್ಲ ಎಂಬ ವಾದ ನಿಲ್ಲುವುದಿಲ್ಲ, ಪೂಜೆಯೂ ಬಾರುಕೋಲೂ ಒಂದೇ ಕೊಟ್ಟಿಗೆಯಲ್ಲಿದ್ದವು. ಆದರೂ ಒಂದು ಮಾತು ಉಳಿಯುತ್ತದೆ. ಯುಗಾದಿಗೆ ಅದೇ ಎತ್ತು ನೇಗಿಲು ಎಳೆಯಬೇಕಿದ್ದವನಿಗೆ ಅದರ ಕಾಲು ಮುರಿದರೆ ಆ ವರ್ಷದ ಬೇಸಾಯವೇ ಮುರಿದಂತೆ. ಕರುಣೆ ಇಲ್ಲದಿದ್ದರೂ ಲೆಕ್ಕಾಚಾರವೇ ಕೈ ತಡೆಯುತ್ತಿತ್ತು. ಓಟಕ್ಕೆಂದೇ ಕೊಂಡ ಎತ್ತಿನ ಮೇಲೆ ಹಾಕಿದ ಬಂಡವಾಳ ಮರಳುವುದು ಓಟದಿಂದ ಮಾತ್ರ, ಸುತ್ತ ಬಾಜಿಯೂ ಸೇರಿದರೆ ಕೋಲಿಗೆ ಕೆಲಸ ಹೆಚ್ಚು. ಹಾಗಾಗಿ ಹಿಂಸೆಯನ್ನು ವಿರೋಧಿಸುವವರೂ ಈ ಬಯಲು ಹೋದದ್ದನ್ನು ಗೆಲುವೆಂದು ಬಗೆಯಬೇಕಿಲ್ಲ. ತಿದ್ದುಪಡಿ ಕೊಟ್ಟದ್ದು ಓಟಕ್ಕೆ ಒಪ್ಪಿಗೆ, ಮೊಳೆಗಲ್ಲ. ಮೊಳೆಯಿಲ್ಲದೆ ಓಡಿಸಲಾಗದ ಓಟ ನಿಂತರೆ ನಷ್ಟವೇನೂ ಇಲ್ಲ.

ಮಣ್ಣಿನ ಓಟದ ಬಯಲು ಕಳೆದುಕೊಂಡವರು ನಾವೊಬ್ಬರೇ ಅಲ್ಲ. ಅಮೆರಿಕದ ಸಣ್ಣ ಊರುಗಳಲ್ಲಿ ಸ್ಟಾಕ್ ಕಾರುಗಳು ಓಡುತ್ತಿದ್ದದ್ದೂ ಮಣ್ಣಿನ ಮೇಲೆಯೇ. ಆ ಓಟಗಳನ್ನು ನಡೆಸುವ ನಾಸ್ಕಾರ್ ಸಂಸ್ಥೆಯ ಅತ್ಯುನ್ನತ ದರ್ಜೆಯ ಓಟ 1970ರ ಸೆಪ್ಟೆಂಬರಿನಲ್ಲಿ ಮಣ್ಣಿಗೆ ವಿದಾಯ ಹೇಳಿ ಡಾಂಬರಿಗೆ ಹೋಯಿತು, ಮತ್ತೆ ಮಣ್ಣಿಗಿಳಿಯಲು 2021 ಬರಬೇಕಾಯಿತು. ಪೆನ್ಸಿಲ್ವೇನಿಯಾದ ಲ್ಯಾಂಗ್‌ಹಾರ್ನ್ ಟ್ರ್ಯಾಕಿನ ಜಾಗದಲ್ಲಿ ಅಂಗಡಿ ಸಾಲು ಎದ್ದಿತು. ಉತ್ತರ ಕೆರೊಲಿನಾದ ಹಿಲ್ಸ್‌ಬರೋ ಊರಿನ ಆಕನೀಚಿ ಸ್ಪೀಡ್‌ವೇ 1968ರಲ್ಲಿ ಮುಚ್ಚಿತು. ಟ್ರ್ಯಾಕಿನ ತುಂಬ ಪೈನ್ ಮರಗಳು ಬೆಳೆದವು. ಆದರೂ ಅದನ್ನು 2002ರಲ್ಲಿ ರಾಷ್ಟ್ರೀಯ ಚಾರಿತ್ರಿಕ ಸ್ಥಳಗಳ ಪಟ್ಟಿಗೆ ಸೇರಿಸಿದರು, ಇಂದು ಅಲ್ಲಿ ನಡೆದಾಡಬಹುದು. ನಮಗೆ ಆ ದಾರಿ ಇಲ್ಲ. ತೆಂಗಿನ ತೋಟದ ನಡುವೆ ಫಲಕ ನೆಟ್ಟು ‘ಇಲ್ಲಿ ಗಾಡಿ ಓಡುತ್ತಿತ್ತು’ ಎಂದು ಬರೆದರೆ ತೋಟದವನೇ ನಕ್ಕಾನು. ತೋಟ ಕಡಿಯಿರಿ, ಕೆರೆ ಬತ್ತಿಸಿ ಎಂದು ಕೇಳುವುದಂತೂ ಅವಿವೇಕ. ಇಲ್ಲಿ ಉಳಿಸಲು ಆಗುವುದು ಎರಡೇ: ಇನ್ನೂ ಒತ್ತುವರಿಯಾಗದ ಗೋಮಾಳದಲ್ಲಿ ಒಂದಿಷ್ಟು ಬಯಲು, ಮತ್ತು ಹಳೆಯ ಬಯಲುಗಳ ದಾಖಲೆ.

ಮೊದಲನೆಯದು ಗ್ರಾಮ ಪಂಚಾಯಿತಿ ಮತ್ತು ಕಂದಾಯ ಇಲಾಖೆಯ ಕೈಯಲ್ಲಿದೆ. ಸ್ಮಶಾನಕ್ಕೆ, ಶಾಲೆ ಮೈದಾನಕ್ಕೆ ಸರ್ಕಾರಿ ಜಾಗ ಕಾದಿರಿಸುವಂತೆ ದನದ ಜಾತ್ರೆಗೂ ಓಟಕ್ಕೂ ಹೋಬಳಿಗೊಂದು ಬಯಲು ಕಾದಿರಿಸಲು ಹೊಸ ಕಾನೂನೇನೂ ಬೇಕಾಗದು, ಮನಸ್ಸು ಬೇಕು. ಪಶುವೈದ್ಯರ ಕಣ್ಣೆದುರು, ಉಳುವ ಎತ್ತಿಗೇ ಬೇರೆ ವಿಭಾಗವಿಟ್ಟು ಅಲ್ಲಿ ಓಟ ನಡೆಯಲಿ. ಎರಡನೆಯದಕ್ಕೆ ಸರ್ಕಾರವನ್ನು ಕಾಯಬೇಕಿಲ್ಲ. ಹೊಂಗನೂರಿನಲ್ಲಾಗಲಿ, ಕನಕಪುರ, ಮಾಗಡಿ ಕಡೆಯ ನಿಮ್ಮೂರಿನಲ್ಲಾಗಲಿ ಗಾಡಿ ಹೊಡೆದ ಹಿರಿಯರು ಇನ್ನೂ ಇರುವಾಗಲೇ ಹೋಗಿ ಕೇಳಿ: ಓಟ ಯಾವ ಹೊಲದಲ್ಲಿ, ಯಾವ ಕೆರೆಯಂಗಳದಲ್ಲಿ, ಯಾವ ಹಬ್ಬಕ್ಕೆ, ಯಾರ ಎತ್ತು, ಕೊನೆಯ ಸಲ ಯಾವಾಗ. ಸರ್ವೆ ನಂಬರಿನ ಸಮೇತ ಬರೆದು ಒಂದು ಪ್ರತಿಯನ್ನು ಪಂಚಾಯಿತಿಗೆ, ಇನ್ನೊಂದನ್ನು ಊರ ಶಾಲೆಗೆ ಕೊಡಿ.